ಬೆಟ್ಟವಿಲ್ಲದ ಊರಿನ ಚಾರಣ

“ಅಪ್ಪಾ, ನಮ್ಮ ಕಡಿ ಗುಡ್ಡಾನೇ ಇಲ್ಲ ಅಂತೀರಿ. ಮತ್ತ ಈ ಸುರಂಗ ಯಾಕ ಕೊರದಾರ?”

ಬೀದರಿನಲ್ಲಿ ನೆಂಟರ ಮನೆಯ ಕಾರ್ಯ ಮುಗಿಸಿಕೊಂಡು ಕಲಬುರಗಿಗೆ ರೈಲಿನಲ್ಲಿ ಮರಳುತ್ತಿದ್ದೆವು. ಕಮಲಾಪುರದ ಸಮೀಪ, ಮರಗುತ್ತಿಯ ಬಳಿ ಬೋಗಿಯೊಳಗೆ ಒಮ್ಮೆಲೇ ಕತ್ತಲಾಯಿತು. ಮಕ್ಕಳೆಲ್ಲ ಹೋ ಎಂದು ಕೂಗಿದರು. ಒಂದೂವರೆ ಕಿ.ಮೀ.ಗಿಂತ ಉದ್ದದ ಆ ಸುರಂಗ ದಾಟಿ ಬೆಳಕು ಬಂದಾಗ ಎಂಟನೇ ತರಗತಿಯ ಮಗಳು ಕೇಳಿದ ಪ್ರಶ್ನೆ ಇದು. 2017ರ ಅಕ್ಟೋಬರಿನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ನಾನು ಎಷ್ಟೋ ಸಲ ಆ ಕತ್ತಲನ್ನು ಹಾದು ಬಂದಿದ್ದೆ. ಒಮ್ಮೆಯೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ!

ಅವಳು ಕೇಳಿದ್ದಕ್ಕೆ ಕಾರಣವಿತ್ತು. ಅವಳ ಗೆಳತಿಯೊಬ್ಬಳು ಕೊಡಗಿನ ಬೆಟ್ಟವೊಂದನ್ನು ಹತ್ತಿ ಬಂದು ತರಗತಿಯಲ್ಲೆಲ್ಲ ಫೋಟೋ ತೋರಿಸಿದ್ದಳಂತೆ. ‘ನಾವೂ ಚಾರಣ ಹೋಗೋಣ’ ಎಂದು ಇವಳ ಬೇಡಿಕೆ. “ಅದೆಲ್ಲ ಮಲೆನಾಡಿನವರ ಹವ್ಯಾಸ. ನಮ್ಮ ಕಡೆ ಎಲ್ಲಿ ನೋಡಿದರೂ ಬಯಲು, ಬಿಸಿಲು” ಎಂದು ಹೇಳಿ ನಾನು ಜಾರಿಕೊಂಡಿದ್ದೆ. ಈಗ ಆ ಸುರಂಗ ನನ್ನ ಮಾತನ್ನು ಸುಳ್ಳು ಮಾಡಿತ್ತು. “ಮೇಲೆ ಗುಡ್ಡ ಇದ್ದೇ ಇರಬೇಕು. ಹೋಗಿ ನೋಡೋಣ” ಎಂದೆ. ಹೀಗೆ ಶುರುವಾಯಿತು ನಮ್ಮ ಮನೆಯ ಚಾರಣ.

ಮನೆಯ ಹೊಸ್ತಿಲಿನಿಂದ

ಆದರೆ ಮರುವಾರವೇ ಗುಡ್ಡಕ್ಕೆ ಓಡಲಿಲ್ಲ. ಒಂದು ಫರ್ಲಾಂಗು ದೂರದ ಅಂಗಡಿಗೂ ಸ್ಕೂಟರ್ ತೆಗೆಯುವ ಜನ ನಾವು. ಮೊದಲು ಕಾಲಿಗೆ ಅಭ್ಯಾಸವಾಗಬೇಕು. ಹಾಗಾಗಿ ಮೊದಲ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದಲೇ ಹೊರಟು ಕೋಟೆಯವರೆಗೆ ನಡೆದೆವು. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದರೂ ಮಗಳು ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಿರಲಿಲ್ಲ. 1367ರಲ್ಲಿ ಬಹಮನಿ ಅರಸರ ಕಾಲದಲ್ಲಿ ಕಟ್ಟಿದ ಆ ಮಸೀದಿಗೆ ನಡುವೆ ತೆರೆದ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಸೂರು. ಒಳಗೆ ನಿಂತು ಕಮಾನಿನ ಹಿಂದೆ ಕಮಾನು ಎಣಿಸುತ್ತ ಅವಳು ಕಾಲುನೋವನ್ನೇ ಮರೆತಳು.

ಮುಂದಿನ ವಾರ ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ. ಆಮೇಲೆ ಖಾಜಾ ಬಂದೇನವಾಜ ದರ್ಗಾ, ಹಫ್ತ್ ಗುಂಬಜ್. ನಾಲ್ಕನೆಯ ವಾರ ಸೇಡಂ ರಸ್ತೆಯ ಕಡೆಯ ಬುದ್ಧ ವಿಹಾರ. ಬಸ್ಸಿನ ಕಿಟಕಿಯಿಂದ ನೋಡಿದ ಊರು ಬೇರೆ, ಕಾಲಿನಿಂದ ಕಂಡ ಊರು ಬೇರೆ ಎಂದು ನಮಗಿಬ್ಬರಿಗೂ ಅರಿವಾದದ್ದು ಆಗಲೇ. ಒಂದು ತಿಂಗಳಾಗುವಷ್ಟರಲ್ಲಿ ಎರಡು ಗಂಟೆ ನಿಲ್ಲದೆ ನಡೆಯುವ ಶಕ್ತಿ ಇಬ್ಬರಿಗೂ ಬಂದಿತ್ತು.

ಪ್ರತಿ ನಡಿಗೆಯ ದೂರ, ಸಮಯಗಳನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬಾತ 1892ರಲ್ಲಿ ಚಾರಣಿಗರಿಗಾಗಿ ಒಂದು ಸುಲಭ ಲೆಕ್ಕ ಹೇಳಿಕೊಟ್ಟಿದ್ದಾನೆ: ಪ್ರತಿ ಐದು ಕಿ.ಮೀ.ಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನಮ್ಮ ಬಿಸಿಲಿಗೆ, ಮಕ್ಕಳ ಕಾಲಿಗೆ ಗಂಟೆಗೆ ನಾಲ್ಕು ಕಿ.ಮೀ. ಹಿಡಿಯುವುದೇ ಲೇಸು ಎಂದು ಅವಳ ನೋಟ್‌ಬುಕ್ ಹೇಳಿತು. ಲೆಕ್ಕವೆಂದರೆ ಮಾರಿ ತಿರುವುತ್ತಿದ್ದ ಹುಡುಗಿ ಅದು!

ಕಮಲಾಪುರ ಕಲಿಸಿದ ಪಾಠ

ಫೆಬ್ರುವರಿಯ ಕೊನೆಯಲ್ಲಿ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆವು. ಅಂದು ನಾನು ಮಾಡಿದ ತಪ್ಪುಗಳನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ತಿಂಡಿ ತಿಂದು ನಿಧಾನವಾಗಿ ಹೊರಟೆವು. ನಡಿಗೆ ಶುರುವಾದದ್ದು ಹತ್ತು ಗಂಟೆಗೆ. ಇಬ್ಬರಿಗೂ ಸೇರಿ ನೀರಿನ ಬಾಟಲಿ ಒಂದೇ. ಮಗಳ ಕಾಲಲ್ಲಿ ಅಂದೇ ತೊಟ್ಟ ಹೊಸ ಬೂಟು. ಮನೆಗೆ ಯಾವ ದಾರಿ ಹಿಡಿಯುತ್ತೇವೆಂದೂ ತಿಳಿಸಿರಲಿಲ್ಲ.

ಹನ್ನೆರಡರ ಹೊತ್ತಿಗೆ ನೀರು ಮುಗಿದಿತ್ತು. ಹಿಮ್ಮಡಿಯಲ್ಲಿ ಬೊಕ್ಕೆ. ಏರುದಾರಿಯಲ್ಲಿ ಮಗಳು ಹಠಾತ್ತನೆ ಕುಳಿತುಬಿಟ್ಟಳು. “ತಲಿ ತಿರಗಲಿಕತ್ತದ” ಎಂದಳು. ಸುತ್ತ ಮರವಿಲ್ಲ, ಮನುಷ್ಯರಿಲ್ಲ. ಆ ಐದು ನಿಮಿಷ ನನ್ನ ಎದೆ ಹೊಡೆದುಕೊಂಡದ್ದನ್ನು ಇಂದಿಗೂ ಮರೆತಿಲ್ಲ. ಅವಳನ್ನು ಆತುಕೊಂಡು ಇಳಿದು ಬರುವಾಗ ಬಾಳೆಯ ತೋಟವೊಂದು ಕಂಡಿತು. ತೋಟದ ಹಿರಿಯರು ದೂರದಿಂದಲೇ ನೋಡಿ ಓಡಿ ಬಂದರು.

“ಇಂಥ ಬಿಸಿಲಾಗ ಎಲ್ಲಿಗಿ ಹೊಂಟೀರಿ ಸರ? ಕೂಸಿನ ಮಾರಿ ನೋಡ್ರಿ, ಹೆಂಗ ಕೆಂಪಾಗ್ಯಾದ. ಮದಲ ನೆಳ್ಳಾಗ ಕುಂದರ್ರಿ.”

ಒದ್ದೆ ಟವೆಲ್ಲನ್ನು ಅವಳ ತಲೆಯ ಮೇಲೆ ಹಾಕಿದರು. “ಒಮ್ಮಿಗೇ ಕುಡೀಬ್ಯಾಡವ್ವಾ, ಗುಟುಕು ಗುಟುಕು ಕುಡಿ” ಎಂದು ನೀರು ಕೊಟ್ಟರು. ಸುಧಾರಿಸಿಕೊಂಡ ಮೇಲೆ ಒಂದು ಕೆಂಪು ಬಾಳೆಹಣ್ಣು ಅವಳ ಕೈಗಿಟ್ಟರು.

ಆ ಹಣ್ಣಿನ ಸಿಪ್ಪೆಯಂತೆ ಅಲ್ಲಿಯ ನೆಲವೂ ಕೆಂಪು. ಕಲಬುರಗಿಯಿಂದ ಬರುವಾಗ ರಸ್ತೆಯ ಎರಡೂ ಬದಿಗೆ ಎರೆಭೂಮಿ, ಕರಿ ನೆಲ. ಕಮಲಾಪುರದ ಕಡೆ ನೆಲ ಏರುತ್ತಿದ್ದಂತೆ ಬಣ್ಣ ಬದಲಾಗುತ್ತದೆ. ಸುಮಾರು 6.5 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ದಖ್ಖನಿನ ಕರಿಕಲ್ಲಾಯಿತು. ಅದು ಶಿಥಿಲವಾಗಿ ತಗ್ಗಿನಲ್ಲಿ ಎರೆಮಣ್ಣಾಯಿತು. ಎತ್ತರದಲ್ಲಿ ಬಹುಕಾಲದ ಮಳೆಗೆ ಉಳಿದ ಸತ್ವಗಳು ತೊಳೆದುಹೋಗಿ ಕಬ್ಬಿಣದ ಅಂಶ ಉಳಿದು ಕೆಂಪು ಜಂಬಿಟ್ಟಿಗೆ ಮಣ್ಣಾಯಿತು. ಒಂದೇ ಕಲ್ಲಿನ ಎರಡು ಮಕ್ಕಳು! ಭೌಗೋಲಿಕ ಸೂಚಿಯ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ಈ ಕೆಂಪು ನೆಲದ ಬೆಳೆ. ಎರೆಭೂಮಿಯ ಕಡೆ 2019ರಲ್ಲಿ ಅದೇ ಮಾನ್ಯತೆ ಪಡೆದ ನಮ್ಮ ತೊಗರಿ. ಪಾಠಪುಸ್ತಕದಲ್ಲಿ ಮಗಳು ಬಾಯಿಪಾಠ ಮಾಡಿದ್ದ ‘ಮಣ್ಣಿನ ವಿಧಗಳು’ ಅಂದು ಅವಳ ಬೂಟಿಗೆ ಮೆತ್ತಿಕೊಂಡು ಮನೆಗೆ ಬಂದವು.

ಆ ಮೇಲೆ ನಮ್ಮ ನಿಯಮಗಳು ಬದಲಾದವು. ಬೆಳಕು ಹರಿಯುವಾಗ ನಡಿಗೆ ಆರಂಭ, ಹತ್ತಕ್ಕೆಲ್ಲ ಮುಕ್ತಾಯ. ತಲೆಗೆ ಎರಡು ಲೀಟರ್ ನೀರು. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದ ಇನ್ನೊಂದು ಬಾಟಲಿ. ಪಳಗಿದ ಬೂಟು, ತಲೆಗೆ ಟೋಪಿ ಅಥವಾ ಟವೆಲ್. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಹೋಗುವ ದಾರಿ, ಮರಳುವ ಹೊತ್ತು ಚೀಟಿಯಲ್ಲಿ ಬರೆದು ಮನೆಯಲ್ಲಿ ಇಡುವುದು. ಮಾರ್ಚಿನಿಂದ ಮೇ ತಿಂಗಳವರೆಗೆ ನಸುಕಿನ ನಡಿಗೆ ಮಾತ್ರ, ಅದೂ ಊರಿನಲ್ಲೇ. ಮಳೆಗಾಲದಲ್ಲಿ ಎರೆಭೂಮಿಯಲ್ಲಿ ಕಾಲಿಟ್ಟರೆ ಒಂದೊಂದು ಬೂಟಿಗೂ ಸೇರು ಮಣ್ಣು. ಆಗ ನೀರು ಬಸಿದುಹೋಗುವ ಕಮಲಾಪುರದ ಕೆಂಪು ನೆಲವೇ ಸರಿ. ತೊಗರಿ ಹೂ ಬಿಡುವ, ಜೋಳ ತೆನೆ ಕಟ್ಟುವ ಚಳಿಗಾಲ ಎರೆಭೂಮಿಗೆ ಮೀಸಲು. ಎಳ್ಳ ಅಮಾವಾಸ್ಯೆಯ ದಿನ ಹೊಲದ ದಾರಿಯಲ್ಲಿ ನಡೆದು ನೋಡಿ, ಊಟಕ್ಕೆ ಕರೆಯದೆ ಯಾರೂ ಮುಂದೆ ಬಿಡುವುದಿಲ್ಲ!

ಹತ್ತನೇ ತರಗತಿಯ ವರ್ಷ

ಹೀಗೆ ತಿಂಗಳಿಗೆ ಎರಡು ಭಾನುವಾರ ನಡೆಯುತ್ತ ಮಗಳು ಹತ್ತನೇ ತರಗತಿಗೆ ಬಂದಳು. ನೆಂಟರಿಷ್ಟರು ಸುಮ್ಮನಿರುತ್ತಾರೆಯೇ? “ಹತ್ತನೇತ್ತ ಅದ, ಅದೂ ಹೆಣ್ಣುಹುಡುಗಿ. ಗುಡ್ಡ ತಿರಗೂದು ಏನ್ರಿ?” ಎಂದರು. ನನಗೂ ಅಳುಕಾಯಿತು. ಚಾರಣ ನಿಲ್ಲಿಸಿ, ಭಾನುವಾರಕ್ಕೂ ಒಂದು ಟ್ಯೂಷನ್ ಹಚ್ಚಿದೆ.

ಎರಡು ತಿಂಗಳು ಅವಳು ಒಂದು ಮಾತೂ ಆಡಲಿಲ್ಲ. ಆಮೇಲೆ ತಲೆನೋವು ಶುರುವಾಯಿತು. ರಾತ್ರಿ ನಿದ್ದೆಯಿಲ್ಲ. ಓದಿದ್ದು ನೆನಪಿರುವುದಿಲ್ಲ ಎಂದು ಅಳು. ವೈದ್ಯರು ಪರೀಕ್ಷಿಸಿ, ಕಣ್ಣು ಸರಿಯಿದೆ, ರಕ್ತ ಸರಿಯಿದೆ ಎಂದರು. ಒಂದು ರಾತ್ರಿ ಅವಳ ತಾಯಿ ಪಕ್ಕದಲ್ಲಿ ಕುಳಿತು ತಲೆ ಸವರುತ್ತ ಕೇಳಿದಾಗ ಅವಳು ಹೇಳಿದ್ದು ಇಷ್ಟೇ:

“ಅವ್ವಾ, ಅಲ್ಲಿ ನಡೆಯುವಾಗ ಯಾರೂ ನನಗ ಮಾರ್ಕ್ಸ್ ಎಷ್ಟು ಅಂತ ಕೇಳ್ತಿದ್ದಿಲ್ಲ. ಹಸಿವಾಗ್ಯಾದೇನು ಅಂತ ಕೇಳ್ತಿದ್ರು.”

ನಮಗಿಬ್ಬರಿಗೂ ಬಾಯಿಗೆ ಮಾತು ಬರಲಿಲ್ಲ. ಮುಂದಿನ ಭಾನುವಾರ ಮೂವರೂ ಹೊರಟೆವು. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟ ನನ್ನ ಹೆಂಡತಿಯನ್ನು ನೋಡಿ ಓಣಿಯವರು ನಕ್ಕರು. ಅವಳು ತಿರುಗಿಯೂ ನೋಡಲಿಲ್ಲ.

ಪರೀಕ್ಷೆ ಮುಗಿಯುವವರೆಗೂ ತಿಂಗಳಿಗೆರಡು ಅರ್ಧ ದಿನ ತಪ್ಪಿಸಲಿಲ್ಲ. ನಿದ್ದೆ ಮರಳಿತು. ಫಲಿತಾಂಶ ಎಷ್ಟು ಬಂತೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಚಾರಣವೂ ಒಂದು ಟ್ಯೂಷನ್ ಆಗಿಬಿಡುತ್ತದೆ! 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆಯ ವರ್ಷಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ.

ನಡೆಯುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ, ಸೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ಬರಿಗಾಲಲ್ಲಿ ಹೋಗುವ ಜನ ನಮ್ಮವರು. ನಮ್ಮಜ್ಜನಿಗೆ ಅದು ಹರಕೆ, ನಮ್ಮ ಮಕ್ಕಳಿಗೆ ಹವ್ಯಾಸ. ಕಾಲು ಮಾತ್ರ ಅವೇ.

ಅಭ್ಯಾಸವಾದವರು ಚಿಂಚೋಳಿಯ ಕಡೆ ಹೋಗಬಹುದು. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಆ ಒಣನಾಡಿನ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಇತಿಹಾಸ ಬೇಕೆಂದರೆ ರಾಷ್ಟ್ರಕೂಟರ ಮಳಖೇಡ ಇದೆ, ಭೀಮಾ ತೀರದ ಸನ್ನತಿ ಇದೆ. ಎಲ್ಲಿಗೇ ಹೋದರೂ ಒಂಟಿಯಾಗಿ ಬೇಡ. ರೈಲು ಹಳಿಯ ಮೇಲೆ, ಸುರಂಗದೊಳಗೆ ಮಕ್ಕಳು ಎಂದೂ ಕಾಲಿಡಕೂಡದು. ಬೆಳೆಯಿರುವ ಹೊಲದ ಬದುವಿನಲ್ಲಿ ನಡೆಯುವ ಮುನ್ನ ಹೊಲದವರನ್ನು ಒಂದು ಮಾತು ಕೇಳಿ.

ಪರೀಕ್ಷೆ ಮುಗಿದ ಮರುವಾರ ನಸುಕಿನಲ್ಲಿಯೇ ಮರಗುತ್ತಿಯ ಕಡೆಯ ಏರಿನಲ್ಲಿ ನಿಂತಿದ್ದೆವು. ಕೆಳಗೆ ದೂರದಲ್ಲಿ ರೈಲು ಕೂಗಿತು. ನೋಡುತ್ತಿದ್ದಂತೆ ಡಬ್ಬಿಗಳು ಒಂದೊಂದಾಗಿ ಗುಡ್ಡದೊಳಗೆ ಮರೆಯಾದವು. ಒಳಗೆ ಮಕ್ಕಳು ಹೋ ಎಂದು ಕೂಗಿರಬೇಕು.

ಮಗಳು ಬುತ್ತಿ ಬಿಚ್ಚುತ್ತ ಕೇಳಿದಳು: “ಅಪ್ಪಾ, ಅವರಿಗೆ ಮ್ಯಾಲ ಗುಡ್ಡ ಅದ ಅಂತ ಯಾರು ಹೇಳಬೇಕು?”

ಅದಕ್ಕೇ ಇಷ್ಟು ಬರೆದೆ.