ತಂಗಡಗಿ ಹೊಳೆಯಲ್ಲಿ ಕಾರಿನ ಕೀಲಿಕೈ

ಸೋದರಿಯರೇ, ಪ್ರವಾಸದ ಹಿಂದಿನ ರಾತ್ರಿ ನೀವೂ ನನ್ನಂತೆಯೇ ಇರುತ್ತೀರಿ ಎಂದುಕೊಂಡಿದ್ದೇನೆ. ಗ್ಯಾಸ್ ಬಂದ್ ಮಾಡಿದೆನೇ, ಹಾಲಿನವನಿಗೆ ಹೇಳಿದೆನೇ, ಹಿತ್ತಲ ಬಾಗಿಲಿಗೆ ಕೀಲಿ ಹಾಕಿದೆನೇ ಎಂದು ಮೂರು ಮೂರು ಸಲ ನೋಡುವ ಜೀವ ನಮ್ಮದು. ಮನೆಯ ಏಳು ಕೀಲಿಕೈಗಳ ಗೊಂಚಲು ಇಪ್ಪತ್ತೆರಡು ವರ್ಷದಿಂದ ನನ್ನ ಸೊಂಟದಲ್ಲಿದೆ. ಒಂದು ದಿನವೂ ಕಳೆದಿಲ್ಲ. ಕಾರಿನ ಕೀಲಿಕೈ ಮಾತ್ರ ಯಜಮಾನರದು. ಅದರ ಜೋಡಿ ಕೀಲಿಕೈ ದೇವರ ಕೋಣೆಯ ಗೂಡಿನಲ್ಲಿ, ಊದಿನಕಡ್ಡಿ ಪಾಕೀಟಿನ ಹಿಂದೆ ಇತ್ತು. "ಅದನ್ನೂ ತಗೊಳ್ಳೋಣೇನ್ರಿ?" ಎಂದೆ. "ನಿನಗ್ಯಾಕ ಅದು? ನೀಯೇನು ಗಾಡಿ ಹೊಡಿತೀಯೇನು?" ಎಂದು ನಕ್ಕರು. ನಾನೂ ನಕ್ಕು ಸುಮ್ಮನಾದೆ. ಆ ನಗೆಗೆ ಎಷ್ಟು ಬೆಲೆ ತೆರಬೇಕಾಯಿತು ಎಂಬುದನ್ನೇ ಈಗ ನಿಮಗೆ ಹೇಳಹೊರಟಿರುವುದು.

ಅದು 2024ರ ಮೇ ತಿಂಗಳು. ಬಸವ ಜಯಂತಿ ಕಳೆದು ಎರಡು ದಿನ ಆಗಿತ್ತು, ರವಿವಾರ. "ಕೈಕಾಲು ಗಟ್ಟಿ ಇರೂದ್ರಾಗ ಬಾಗೇವಾಡಿ ಬಸವಣ್ಣನ್ನ, ತಂಗಡಗಿ ನೀಲಮ್ಮನ್ನ ಒಮ್ಮೆ ಕಾಣಿಸಿಕೊಂಡು ಬರ್ರಿ" ಎಂದು ನಮ್ಮ ಅತ್ತೆಯವರು ವರ್ಷದಿಂದ ಹೇಳುತ್ತಿದ್ದರು. ಅವರಿಗೆ ಎಪ್ಪತ್ತೆರಡು ವಯಸ್ಸು. ಸಕ್ಕರೆ ಕಾಯಿಲೆ, ಊಟಕ್ಕೆ ಮೊದಲು ಇನ್ಸುಲಿನ್ ಸೂಜಿ ಆಗಲೇಬೇಕು. ಮಗನಿಗೆ ಪರೀಕ್ಷೆ ಇದ್ದುದರಿಂದ ಅವನು ಮನೆಯಲ್ಲೇ ಉಳಿದ. ನಾವು ಮೂವರು ಬೆಳಗಿನ ಆರು ಗಂಟೆಗೆ ಇಂಡಿ ಬಿಟ್ಟೆವು.

ಬುತ್ತಿ ಮಾತ್ರ ಗಟ್ಟಿಯಾಗಿಯೇ ಕಟ್ಟಿದ್ದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಜೊತೆಗೆ ನಮ್ಮೂರಿನ ಲಿಂಬೆಯ ಉಪ್ಪಿನಕಾಯಿ. ಇಂಡಿ ಎಂದರೆ ಲಿಂಬೆಯ ನಾಡಲ್ಲವೇ? ದಾರಿಯಲ್ಲಿ ಶರಬತ್ತಿಗೆ ಇರಲಿ ಎಂದು ಒಂದು ಚೀಲ ಹಣ್ಣನ್ನೂ ಡಿಕ್ಕಿಯಲ್ಲಿ ಇಟ್ಟಿದ್ದೆ.

ಸಿಂದಗಿಯಲ್ಲಿ ನನ್ನ ತಂಗಿಯ ಮನೆ. ಉಪ್ಪಿಟ್ಟು, ಚಹಾ ಮುಗಿಸಿ ಮುಂದೆ ಹೊರಟೆವು. ಬೇಸಿಗೆಯ ಎರೆಭೂಮಿ ನೀವು ನೋಡಿದ್ದೀರಾ? ಕಣ್ಣು ಹಾಯುವವರೆಗೂ ಕಪ್ಪು ನೆಲ, ಅದರಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು. ಇದೇ ನೆಲ ಹಿಂಗಾರಿನಲ್ಲಿ ಆಳೆತ್ತರದ ಬಿಳಿಜೋಳ ಕೊಡುತ್ತದೆ ಎಂದರೆ ಬೇರೆ ಕಡೆಯವರು ನಂಬಲಾರರು. ದೇವರ ಹಿಪ್ಪರಗಿಯಲ್ಲಿ ಇಳಿದು ಕೈಮುಗಿದೆವು. ಶರಣರ ಬಟ್ಟೆ ಮಡಿ ಮಾಡುತ್ತಿದ್ದ ಮಡಿವಾಳ ಮಾಚಿದೇವರು ಹುಟ್ಟಿದ ಊರದು. ಅಲ್ಲಿಂದ ಬಸವನ ಬಾಗೇವಾಡಿ. ಬಸವೇಶ್ವರ ಗುಡಿಯಲ್ಲಿ ಜಯಂತಿಯ ತಳಿರು ತೋರಣ ಇನ್ನೂ ಹಾಗೆಯೇ ಇತ್ತು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ ಊರಿನ ನೆಲ ಮುಟ್ಟಿ ಅತ್ತೆಯವರು ಹಣೆಗೆ ಒತ್ತಿಕೊಂಡರು. ಅವರ ಮುಖದ ಸಂತೋಷ ನೋಡಿ ನನಗೆ ಬಿಸಿಲೇ ಮರೆತಿತ್ತು.

ಮುದ್ದೇಬಿಹಾಳ ದಾಟಿ ತಂಗಡಗಿ ತಲುಪಿದಾಗ ನಡು ಮಧ್ಯಾಹ್ನ. ಆಲಮಟ್ಟಿ ಮತ್ತು ನಾರಾಯಣಪುರ, ಈ ಎರಡು ಅಣೆಕಟ್ಟುಗಳ ನಡುವೆ ಕೃಷ್ಣೆಯ ದಂಡೆಗೆ ಇರುವ ಊರು ಇದು. ಕಲ್ಯಾಣದ ಗಲಭೆಯ ನಂತರ ಕೂಡಲಸಂಗಮಕ್ಕೆ ಬಂದ ಬಸವಣ್ಣನವರು ಪತ್ನಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದರಂತೆ. ಆಕೆ ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣನವರು ಐಕ್ಯರಾದ ಸುದ್ದಿ ತಿಳಿಯಿತು, ಆಕೆಯೂ ಇಲ್ಲಿಯೇ ಐಕ್ಯಳಾದಳು ಎಂದು ಹಿರಿಯರು ಹೇಳುತ್ತಾರೆ. ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಈ ಹೊಳೆಯ ದಂಡೆ ಎಂದರೆ ತವರಿನಷ್ಟೇ ಪ್ರೀತಿ.

ಇನ್ನು ಕಥೆಗೆ ಬರುತ್ತೇನೆ. ಊಟದ ಹೊತ್ತಾಗಿತ್ತೆಂದು ಅತ್ತೆಯವರಿಗೆ ಕಾರಿನಲ್ಲೇ ಸೂಜಿ ಹಾಕಿದೆ. ಬುತ್ತಿ ಬಿಚ್ಚುವಷ್ಟರಲ್ಲಿ ಅವರು, "ಹೊಳಿ ಇಲ್ಲೇ ಐತಲ್ಲವ್ವಾ, ಕಾಲು ತೊಳಕೊಂಡು ಬಂದು ಉಣ್ಣೋಣು, ಐದು ನಿಮಿಷ" ಎಂದರು. ಅಲ್ಲೇ ನಾನು ತಪ್ಪಿದೆ. ಸೂಜಿ ಆದ ಮೇಲೆ ಊಟ ತಡ ಮಾಡಬಾರದು ಎಂದು ಡಾಕ್ಟರರು ಎಷ್ಟು ಸಲ ಹೇಳಿದ್ದರೋ! ಆದರೂ ಐದು ನಿಮಿಷ ತಾನೇ ಎಂದು ಹೂಂ ಎಂದೆ. ನನ್ನ ಪರ್ಸು, ಫೋನು, ಔಷಧದ ಚೀಲ, ಬುತ್ತಿ, ನೀರು ಎಲ್ಲವೂ ಕಾರಿನಲ್ಲಿ. ಯಜಮಾನರು ಕೀಲಿಕೈಯ ಗುಂಡಿ ಒತ್ತಿದರು, ನಾಲ್ಕೂ ಬಾಗಿಲು ಬಿದ್ದವು. ಕೀಲಿಕೈಯನ್ನು ಅಂಗಿಯ ಮೇಲ್ಕಿಸೆಯಲ್ಲಿ ಹಾಕಿಕೊಂಡರು. ಹೊಳೆಯಲ್ಲಿ ಮೊಣಕಾಲು ನೀರಿಗೆ ಇಳಿದು ಬೊಗಸೆಯಲ್ಲಿ ನೀರು ಎತ್ತಲು ಬಗ್ಗಿದರು ನೋಡಿ, ಕಿಸೆಯಿಂದ ಜಾರಿ ಗುಳುಂ ಎಂದಿತು!

ದಂಡೆಯಲ್ಲಿ ಈಜುತ್ತಿದ್ದ ಹುಡುಗರು ಮುಳುಗಿ ಮುಳುಗಿ ಹುಡುಕಿದರು. ಮಣ್ಣು, ಕಲ್ಲು, ಒಂದು ಹಳೆಯ ಬಳೆ ಸಿಕ್ಕಿತು. ಕೀಲಿಕೈ ಸಿಗಲಿಲ್ಲ. ಯಜಮಾನರು ಮಾತಿಲ್ಲದೆ ನೀರನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ನನ್ನ ಕೈ ಹಿಡಿದಿದ್ದ ಅತ್ತೆಯವರ ಕೈ ನಡುಗಲು ತೊಡಗಿತು. ಮೈ ಬೆವೆತಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡೆ. ಆದರೆ ಮುಟ್ಟಿದರೆ ಬೆವರು ತಣ್ಣಗೆ. "ತಂಗಿ, ನಾವು ಈಗ ಯಾವೂರಾಗ ಅದೇವಿ?" ಎಂದರು. ನನ್ನ ಎದೆ ಝಲ್ಲೆಂದಿತು. ಸಕ್ಕರೆ ಇಳಿಯುತ್ತಿತ್ತು!

ಯಜಮಾನರು ಕಲ್ಲೆತ್ತಿಕೊಂಡು ಕಾರಿನ ಕಡೆ ಓಡಿದರು. ಬಟ್ಟೆ ಒಗೆಯುತ್ತಿದ್ದ ಒಬ್ಬ ಅಕ್ಕ ಎದ್ದು ಕೂಗಿದಳು, "ಅಣ್ಣಾರ, ಗಾಡಿ ಆಮ್ಯಾಲ ನೋಡೀರಂತ, ಮೊದಲ ಹಿರೇ ಜೀವಕ್ಕ ಸಕ್ಕರಿ ಕೊಡೋಣು ಬರ್ರಿ!" ಅವಳ ಮನೆ ಹತ್ತೇ ಹೆಜ್ಜೆ. ಮೂರು ಚಮಚ ಸಕ್ಕರೆ ಕದಡಿದ ನೀರು ತಂದಳು, ನಾನು ಕುಡಿಸಿದೆ. ಹದಿನೈದು ನಿಮಿಷ ಕಾದರೂ ನಡುಕ ಪೂರ್ತಿ ನಿಲ್ಲಲಿಲ್ಲ, ಇನ್ನೊಮ್ಮೆ ಅಷ್ಟೇ ಕುಡಿಸಿದೆ. ಆಮೇಲೆ ಕಣ್ಣಿಗೆ ಕಳೆ ಬಂತು. ಕೂಡಲೇ ಬಿಸಿ ಜೋಳದ ರೊಟ್ಟಿ, ಬೇಳೆ ಪಲ್ಯ ಉಣ್ಣಿಸಿದಳು ಆ ತಾಯಿ. ನಿಮ್ಮ ಮನೆಯಲ್ಲೂ ಸೂಜಿ ತೆಗೆದುಕೊಳ್ಳುವವರು ಇದ್ದರೆ ಇದನ್ನು ನೆನಪಿಡಿ. ಎಚ್ಚರ ಇರುವವರಿಗೆ ಮಾತ್ರ ಬಾಯಿಗೆ ಸಕ್ಕರೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಜೀವ ತಣ್ಣಗಾದ ಮೇಲೆ ಕಾರಿನ ಮಾತು. ಪಾನ್ ಅಂಗಡಿಯವನು ಮುದ್ದೇಬಿಹಾಳದ ಒಬ್ಬ ಮೆಕ್ಯಾನಿಕ್ ಹುಡುಗನಿಗೆ ಫೋನ್ ಮಾಡಿದ. ಮುಕ್ಕಾಲು ತಾಸಿನಲ್ಲಿ ಆತ ಮೋಟಾರ್ ಸೈಕಲ್ ಮೇಲೆ ಬಂದ. ಬಂದವನೇ ಬಾಗಿಲಿಗೆ ಕೈ ಹಚ್ಚಲಿಲ್ಲ. "ಕಾಕಾ, ಗಾಡಿ ನಿಮ್ಮದ ಅಂತ ಏನು ಗುರುತು? ಕಾಗದಾ ತೋರಸ್ರಿ" ಎಂದ. ಕಾಗದ ಇರುವುದು ಕಾರಿನೊಳಗೆ! ಯಜಮಾನರಿಗೆ ಸಿಟ್ಟು ಬಂತು. ನನಗೆ ಮಾತ್ರ ಆ ಹುಡುಗನ ಮೇಲೆ ಗೌರವ ಬಂತು. ಕೇಳಿದವರಿಗೆಲ್ಲ ಕಾರು ತೆಗೆದುಕೊಟ್ಟರೆ ಕಳ್ಳರಿಗೆ ಸುಗ್ಗಿಯಲ್ಲವೇ? ಪುಣ್ಯಕ್ಕೆ ಯಜಮಾನರ ಫೋನಿನ ಡಿಜಿಲಾಕರ್‌ನಲ್ಲಿ ಆರ್.ಸಿ. ಇತ್ತು. 2018ರಿಂದ ಅದಕ್ಕೂ ಅಸಲಿ ಕಾಗದದಷ್ಟೇ ಮಾನ್ಯತೆ ಇದೆ. ಅದನ್ನು ನೋಡಿ, ಆಧಾರದ ಹೆಸರಿಗೆ ತಾಳೆ ಹಾಕಿದ ಮೇಲೆಯೇ ಆತ ಚೀಲ ಬಿಚ್ಚಿದ.

ಬಾಗಿಲಿನ ಮೇಲಂಚಿಗೆ ಒಂದು ಮೆತ್ತನೆಯ ಬೆಣೆ ಕೊಟ್ಟು ಸ್ವಲ್ಪ ಸಂದು ಮಾಡಿದ, ಉದ್ದನೆಯ ಸರಳು ಒಳಗೆ ಬಿಟ್ಟ. ಹತ್ತು ನಿಮಿಷ ಬೆವರು ಸುರಿಸಿದ ಮೇಲೆ ಟಕ್ ಎಂದು ಬಾಗಿಲು ಬಿಟ್ಟಿತು. ಒಳಗಿನ ಶಾಖ ಒಲೆಯ ಬಾಯಿಯಂತೆ ಮುಖಕ್ಕೆ ಬಡಿಯಿತು. ಔಷಧದ ಚೀಲ ಮುಟ್ಟಿದರೆ ಬಿಸಿ. ಹಾಗೆ ಕಾದ ಇನ್ಸುಲಿನ್ ತನ್ನ ಗುಣ ಕಳೆದುಕೊಳ್ಳುತ್ತದೆ. ಆ ಸೀಸೆಯನ್ನು ಬಿಟ್ಟು ಮುದ್ದೇಬಿಹಾಳದಲ್ಲಿ ಹೊಸದನ್ನು ಕೊಳ್ಳಬೇಕಾಯಿತು.

"ಕಾಚ್ ಒಡದ್ರ ಏನಾಗ್ತಿತ್ತಪ್ಪಾ?" ಎಂದು ಕೇಳಿದೆ. ಆತ ಹೇಳಿದ್ದನ್ನು ನಿಮಗೂ ಹೇಳಲೇಬೇಕು. "ಅಕ್ಕಾರ, ಸಾಮಾನು ಒಳಗಿದ್ರ ನಮ್ಮಂಥವ್ರಿಗೆ ಕರೀರಿ. ಕೂಸು ಇಲ್ಲಾ ಮುದುಕರು ಒಳಗ ಸಿಕ್ಕೊಂಡಿದ್ರ ಯಾರಿಗೂ ಕಾಯಬ್ಯಾಡ್ರಿ, ಒಡದು ಬಿಡ್ರಿ." ಮುಂದಿನ ದೊಡ್ಡ ಗಾಜಿನ ಪದರಗಳ ನಡುವೆ ಪ್ಲಾಸ್ಟಿಕ್ ಇರುವುದರಿಂದ ಅದು ಸುಲಭಕ್ಕೆ ಬಿಡುವುದಿಲ್ಲ. ಬಾಗಿಲಿನ ಗಾಜಾದರೆ ಮೂಲೆಗೆ ಗಟ್ಟಿ ವಸ್ತುವಿನಿಂದ ಹೊಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಮಗುವಿನಿಂದ ದೂರದ ಗಾಜನ್ನೇ ಒಡೆಯಬೇಕು, ಜೊತೆಗೇ 112ಕ್ಕೆ ಫೋನ್ ಮಾಡಬೇಕು. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಶಾಖ ಏರುತ್ತದೆ. ಅಮೆರಿಕದಲ್ಲಿ 1998ರಿಂದ ಇದರ ಲೆಕ್ಕ ಇಟ್ಟಿದ್ದಾರೆ. ಅಲ್ಲಿ ವರ್ಷಕ್ಕೆ ಸರಾಸರಿ 30ಕ್ಕೂ ಹೆಚ್ಚು ಮಕ್ಕಳು ಹೀಗೆ ಜೀವ ಕಳೆದುಕೊಳ್ಳುತ್ತಾರೆ. ತರಕಾರಿ ಕೊಳ್ಳುವ ಎರಡು ನಿಮಿಷಕ್ಕೆಂದೂ ಮಗುವನ್ನು ಕಾರಿನಲ್ಲಿ ಬಿಡಬೇಡಿ ತಾಯಂದಿರೇ.

ಬಾಗಿಲು ತೆರೆಯಿತು, ಆದರೆ ಕಾರು ಹೊರಡಲಿಲ್ಲ! ಈಗಿನ ಕಾರುಗಳ ಕೀಲಿಕೈಯ ಹಿಡಿಕೆಯೊಳಗೆ ಅಕ್ಕಿಕಾಳಿನಷ್ಟು ಸಣ್ಣ ಚಿಪ್ ಇರುತ್ತದಂತೆ. ಕಾರು ಅದರ ಗುರುತು ಹಿಡಿದರೆ ಮಾತ್ರ ಇಂಜಿನ್ ಶುರು. ಹಳೆಯ ಕಾಲದಂತೆ ತಂತಿಗೆ ತಂತಿ ತಾಗಿಸಿದರೆ ನಡೆಯದು. ಹಾಗಾಗಿ ಮನೆಯ ಜೋಡಿ ಕೀಲಿಕೈಯೇ ಬರಬೇಕಾಯಿತು.

ಯಜಮಾನರು ಮಗನಿಗೆ ಫೋನ್ ಹಚ್ಚಿದರು. ಎಲ್ಲಿಟ್ಟಿದ್ದೇನೆ ಎಂಬುದು ಅವರಿಗೇ ನೆನಪಿಲ್ಲ! ಫೋನ್ ಇಸಿದುಕೊಂಡು ನಾನೇ ಹೇಳಿದೆ, "ದೇವರ ಕೋಣಿ ಗೂಡಿನ್ಯಾಗ ಊದಿನಕಡ್ಡಿ ಹಿಂದ ನೋಡೋ." ಅವನು ಅದನ್ನು ಚೀಟಿ ಸಮೇತ ಪೊಟ್ಟಣ ಕಟ್ಟಿ ಇಂಡಿ ಸ್ಟ್ಯಾಂಡಿನಲ್ಲಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟ. ವಿಜಯಪುರದಲ್ಲಿ ನಮ್ಮ ನಾದಿನಿಯ ಮಗ ಇಳಿಸಿಕೊಂಡು ಮುದ್ದೇಬಿಹಾಳದ ಬಸ್ಸಿಗೆ ಹಾಕಿದ. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ ಆ ಪುಟ್ಟ ಪೊಟ್ಟಣ ಕೈಯಿಂದ ಕೈಗೆ ಬಂತು. ಮೆಕ್ಯಾನಿಕ್ ಹುಡುಗನ ಬೈಕಿನ ಮೇಲೆ ಯಜಮಾನರು ಮುದ್ದೇಬಿಹಾಳಕ್ಕೆ ಹೋಗಿ ಅದನ್ನು ತಂದಾಗ ಹೊತ್ತು ಮುಳುಗುತ್ತಿತ್ತು.

ಅಲ್ಲಿಯವರೆಗೆ ನಾವು ಅತ್ತೆ ಸೊಸೆ ಆ ಅಕ್ಕನ ಕಟ್ಟೆಯ ಮೇಲೆ. ನಮ್ಮ ಬುತ್ತಿಯನ್ನು ಅವಳ ಮನೆಯವರೊಂದಿಗೆ ಹಂಚಿಕೊಂಡೆವು. ಮೊಸರು ಮಾತ್ರ ಬಿಸಿಲಿಗೆ ಹುಳಿಯಾಗಿತ್ತು, ಚೆಲ್ಲಿದೆವು. ಹೊರಡುವಾಗ ದುಡ್ಡು ಕೊಡಹೋದರೆ ಅವಳು ಕೈ ಹಿಂದೆಳೆದುಕೊಂಡಳು. ಇಂಡಿಯ ಲಿಂಬೆಹಣ್ಣಿನ ಚೀಲ, ಉಪ್ಪಿನಕಾಯಿ ಡಬ್ಬಿ ಕೊಟ್ಟೆ. ಅದನ್ನು ಮಾತ್ರ ನಗುತ್ತ ಉಡಿಯಲ್ಲಿ ಹಾಕಿಸಿಕೊಂಡಳು. ಗುಡಿ ಬಾಗಿಲಿಗೆ ಹೋಗಿ ನೀಲಮ್ಮನಿಗೆ ಕೈಮುಗಿದೇ ಕಾರು ಹತ್ತಿದೆವು.

ಮುಂದೆ ಕಳೆದ ಕೀಲಿಕೈಗೆ ಬದಲಿ ಮಾಡಿಸಲು ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟು, ಅದರ ಪ್ರತಿ, ಆರ್.ಸಿ., ಆಧಾರ್, ಉಳಿದ ಕೀಲಿಕೈ ಎಲ್ಲವನ್ನೂ ಹಿಡಿದು ಕಾರಿನ ವರ್ಕ್‌ಶಾಪಿಗೆ ಹೋಗಬೇಕಾಯಿತು. ಹೊಸ ಚಿಪ್ಪಿಗೆ ಕಾರಿನ ಗುರುತು ಕಲಿಸಿ, ಹೊಳೆ ಪಾಲಾದ ಕೀಲಿಕೈಯ ಗುರುತು ಅಳಿಸಿಕೊಟ್ಟರು. ಯಾರಿಗಾದರೂ ಸಿಕ್ಕರೂ ಅದರಿಂದ ನಮ್ಮ ಇಂಜಿನ್ ಶುರುವಾಗದು. ಉಳಿದದ್ದು ಒಂದೇ ಕೀಲಿಕೈ ಎಂದಾದರೆ ಅದೂ ಕಳೆಯುವ ಮೊದಲು ಇನ್ನೊಂದನ್ನು ಮಾಡಿಸಿಡಿ. ಎರಡೂ ಹೋದರೆ ಖರ್ಚು, ತಾಪತ್ರಯ ಎರಡೂ ಹೆಚ್ಚು.

ಈಗ ನಾವು ಊರಿಗೆ ಹೊರಟರೆ ಔಷಧ, ಒಂದು ಬಾಟಲಿ ನೀರು, ನಾಲ್ಕು ಬೆಲ್ಲದ ಚೂರು ನನ್ನ ಹೆಗಲ ಚೀಲದಲ್ಲೇ ಇರುತ್ತವೆ, ಕಾರಿನಲ್ಲಿ ಬಿಡುವುದಿಲ್ಲ. ಸೂಜಿ ಹಾಕುವ ಮೊದಲು ತಟ್ಟೆ ಮುಂದಿರಬೇಕು, ಅದೂ ಒಂದು ಕಟ್ಟುನಿಟ್ಟು.

ತಂಗಡಗಿಯಿಂದ ಮರಳಿದ ರಾತ್ರಿ ಯಜಮಾನರು ಏನೂ ಮಾತಾಡಿರಲಿಲ್ಲ. ಹೊಸ ಕೀಲಿಕೈ ಬಂದ ದಿನ ತಾವಾಗಿಯೇ ಬಂದು, "ತಗೋ, ಇದು ನಿನ್ನ ಹತ್ತರ ಇರ್ಲಿ" ಎಂದು ನನ್ನ ಕೈಗಿಟ್ಟರು. ಒಳಗೆ ಕುಳಿತಿದ್ದ ಅತ್ತೆಯವರು, "ಮೊದಲ ಕೊಟ್ಟಿದ್ರ ನನಗ ಮಂದಿ ಮನಿ ಸಕ್ಕರಿ ಕುಡಿಯೋದು ತಪ್ತಿತ್ತು" ಎಂದರು. ಮೂವರೂ ನಕ್ಕೆವು.

ಗಾಡಿ ಹೊಡೆಯಲು ನನಗೆ ಇಂದಿಗೂ ಬರುವುದಿಲ್ಲ. ಆದರೂ ನನ್ನ ಗೊಂಚಲಿನಲ್ಲಿ ಈಗ ಎಂಟು ಕೀಲಿಕೈ. ನಿಮ್ಮ ಮನೆಯ ಕಾರಿನ ಎರಡನೇ ಕೀಲಿಕೈ ಎಲ್ಲಿದೆ? ಇವತ್ತೇ ಕೇಳಿ ನೋಡಿ.