ಧೋಲಾವೀರಾದಿಂದ ಅಕ್ಕನಿಗೆ ಮೂರು ಪುಸ್ತಕ

ಧೋಲಾವೀರಾ, ಕಛ್

ಪ್ರೀತಿಯ ಅಕ್ಕಾ,

ಭುಜ್‌ನಿಂದ ಹೊರಟು ಖಾವ್ಡಾ ಮೇಲೆ ಹಾದು ನಿನ್ನೆ ಸಂಜೆ ಇಲ್ಲಿಗೆ ಬಂದು ಮುಟ್ಟಿದೆವು. ರಸ್ತೆಯ ಎರಡೂ ಮಗ್ಗುಲಿಗೆ ಕಣ್ಣು ಹಾಯುವಷ್ಟು ದೂರ ಬರೀ ಉಪ್ಪು. ಮಕ್ಕಳು ಗಾಡಿ ನಿಲ್ಲಿಸಿ, ಇಳಿದು ನೆಕ್ಕಿಯೂ ನೋಡಿದರು.

ನಿಮ್ಮ ಓದು ಬಳಗಕ್ಕೆ ಕಥೆ-ಕಾದಂಬರಿ ಬಿಟ್ಟು ಹೊಸದೇನಾದರೂ ಹೇಳು ಅಂದಿದ್ದೆಯಲ್ಲ, ಅದಕ್ಕೇ ಈ ಪತ್ರ.

ಬೆಳಿಗ್ಗೆ ಹರಪ್ಪ ಕಾಲದ ಹಾಳೂರನ್ನು ಸುತ್ತಿದೆವು. ಕಲ್ಲು ಕಟ್ಟಿದ ದೊಡ್ಡ ದೊಡ್ಡ ಹೊಂಡಗಳು. ಅದರಲ್ಲೊಂದು 70 ಮೀಟರಿಗೂ ಉದ್ದ, ಇಳಿಯಲು ಮೆಟ್ಟಿಲು. ಮಳೆಗಾಲದಲ್ಲಷ್ಟೇ ಹರಿಯುವ ಮನ್ಸರ್, ಮನ್ಹರ್ ಎಂಬ ಹಳ್ಳಗಳಿಗೆ ಒಡ್ಡು ಹಾಕಿ ನೀರು ತಂದಿದ್ದಾರೆ. ಕೋಟೆಯ ಉತ್ತರ ಬಾಗಿಲಲ್ಲಿ ಹತ್ತು ಚಿಹ್ನೆಗಳ ಫಲಕ ಸಿಕ್ಕಿದೆ. ಅದನ್ನು ಓದಲು ಇನ್ನೂ ಯಾರಿಗೂ ಆಗಿಲ್ಲ. ಆದರೂ ಇವರು ಯಾರು, ಯಾವ ಭಾಷೆಯವರು ಅಂತ ಎದೆ ತಟ್ಟಿ ಹೇಳುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರವಿಲ್ಲ. ಅದಕ್ಕೇ ನಾನು ಪುಸ್ತಕ ಆರಿಸುವಾಗ ನೋಡುವುದು ಒಂದನ್ನೇ: "ನಿಮಗಿದು ಹೇಗೆ ಗೊತ್ತು?" ಅಂದರೆ ಬರೆದವರು ಉತ್ತರ ಕೊಡಬೇಕು.

ಟೋನಿ ಜೋಸೆಫ್ ಅವರ 'ಅರ್ಲಿ ಇಂಡಿಯನ್ಸ್' (2018) ಕೊಡುತ್ತದೆ. ಅವರು ಪತ್ರಕರ್ತರು, ವಿಜ್ಞಾನಿಯಲ್ಲ. ನಮ್ಮಂಥವರಿಗೆ ಅದೇ ಅನುಕೂಲ. ತಾಯಿಯಿಂದ ಮಾತ್ರ ಬರುವ ಡಿಎನ್ಎ ಯಾವುದು, ತಂದೆಯಿಂದ ಮಗನಿಗಷ್ಟೇ ಇಳಿಯುವುದು ಯಾವುದು ಅಂತ ಬಿಡಿಸಿ ಹೇಳಿ ವಲಸೆಗಳ ಕಥೆ ಕಟ್ಟುತ್ತಾರೆ. ಹರಪ್ಪದವರ ನುಡಿಗೂ ನಮ್ಮ ದ್ರಾವಿಡ ನುಡಿಗಳಿಗೂ ನಂಟಿರಬಹುದೆಂಬ ವಾದವೂ ಇದೆ. ಪುಸ್ತಕ ಬಂದ ಮರುವರ್ಷ, ಹರಪ್ಪ ಕಾಲದ್ದೇ ಇನ್ನೊಂದು ಊರಾದ ರಾಖಿಗಢಿಯ ಹೆಣ್ಣೊಬ್ಬಳ ಡಿಎನ್ಎ ವರದಿ ಹೊರಬಿತ್ತು. 60ಕ್ಕೂ ಹೆಚ್ಚು ಮಾದರಿಗಳಲ್ಲಿ ಫಲ ಕೊಟ್ಟದ್ದು ಅವಳದೊಂದೇ. ಅವಳಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ದನಗಾಹಿಗಳ ಪಾಲು ಕಾಣಲಿಲ್ಲ. ಚರ್ಚೆಗೆ ಕೂತಾಗ ಇದನ್ನೂ ಸೇರಿಸಿಕೊಳ್ಳಿ.

ಪೆಗ್ಗಿ ಮೋಹನ್ ಅವರ 'ವಾಂಡರರ್ಸ್, ಕಿಂಗ್ಸ್, ಮರ್ಚೆಂಟ್ಸ್' (2021) ಮೂಳೆ ಬಿಟ್ಟು ನಾಲಿಗೆ ಹಿಡಿಯುತ್ತದೆ. ಹೊರಗಿನಿಂದ ಬಂದ ಗಂಡಸರು ಇಲ್ಲಿನ ಹೆಂಗಸರೊಡನೆ ಸಂಸಾರ ಹೂಡಿದರೆ ಮಕ್ಕಳ ಬಾಯಲ್ಲಿ ಭಾಷೆ ಏನಾಗುತ್ತದೆ? ವೇದದ ಭಾಷೆಯಲ್ಲಿ ಟ, ಡ, ಣ ಕೇಳಿಸುವುದಕ್ಕೆ ಇಲ್ಲಿನವರ ನುಡಿಯೇ ಕಾರಣ ಅನ್ನುತ್ತಾರೆ ಅವರು. ಒಪ್ಪದ ಭಾಷಾಶಾಸ್ತ್ರಜ್ಞರೂ ಇದ್ದಾರೆ. ಮೇಷ್ಟ್ರಾಗಿದ್ದ ನಿಮ್ಮ ಬಳಗದ ಹಿರಿಯರು ಇದರ ಮೇಲೆ ಜಗಳಕ್ಕೇ ಇಳಿಯಬಹುದು, ಇಳಿಯಲಿ.

ಮೂರನೆಯದು ಬೆಂಗಳೂರಿನ ಆರತಿ ಕುಮಾರ್-ರಾವ್ ಅವರ 'ಮಾರ್ಜಿನ್‌ಲ್ಯಾಂಡ್ಸ್' (2023). ಇವರ ತಿಳಿವಳಿಕೆ ಬಂದದ್ದು ಕಾಲ್ನಡಿಗೆಯಿಂದ. ಥಾರ್ ಮರುಭೂಮಿಯಲ್ಲಿ ಕಲ್ಲುನೆಲದ ಮೇಲೆ ಬಿದ್ದ ಮಳೆ ತಗ್ಗಿಗೆ ಹರಿದು ಮಣ್ಣಿನ ಒಡ್ಡಿನ ಹಿಂದೆ ನಿಲ್ಲುತ್ತದೆ. ನೀರು ಇಂಗಿದ ಮೇಲೆ ಅದೇ ತೇವದಲ್ಲಿ ಚಳಿಗಾಲದ ಬೆಳೆ. ಖಡೀನ್ ಎಂಬ ಈ ಪದ್ಧತಿಯನ್ನು ಓದಿಕೊಂಡಿದ್ದರಿಂದ ಇಲ್ಲಿನ ಹೊಂಡಗಳ ಲೆಕ್ಕಾಚಾರ ನನಗೆ ಥಟ್ಟನೆ ಹೊಳೆಯಿತು. ಗಂಗೆಗೆ ಅಡ್ಡಲಾಗಿ ಫರಕ್ಕಾ ಬ್ಯಾರೇಜು ಕಟ್ಟಿದ ಮೇಲೆ ದಂಡೆಯ ಜನರಿಗೆ ಏನಾಯಿತೆಂಬುದನ್ನೂ ಬರೆದಿದ್ದಾರೆ. ಆ ಪುಟಗಳನ್ನು ಓದಿದರೆ ಸಂಕಟವಾಗುತ್ತದೆ.

ಮೂರೂ ಇಂಗ್ಲಿಷಿನವು. ಗುಂಪಾಗಿ ಕೂತು ಒಬ್ಬರು ಓದಿ, ಉಳಿದವರಿಗೆ ಕನ್ನಡದಲ್ಲಿ ಹೇಳಿದರೆ ಕಷ್ಟವಾಗದು. ದುಡ್ಡು ಒಂದಕ್ಕೇ ಸಾಲುವುದಾದರೆ 'ಮಾರ್ಜಿನ್‌ಲ್ಯಾಂಡ್ಸ್' ತರಿಸಿ: ಅದಕ್ಕೆ ಮೊದಲೇ ಏನೂ ಗೊತ್ತಿರಬೇಕಾಗಿಲ್ಲ, ಕೆರೆ ಕಳೆದುಕೊಂಡ ಊರಿನವರಿಗೆ ಅದರ ಮಾತು ನೇರವಾಗಿ ತಾಗುತ್ತದೆ.

ಭಾವನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಮ್ಮ