ನಡುವೆಯೋ, ಇಪ್ಪತ್ತು ಮಿಲಿಮೀಟರೋ?

40 ಮಿಲಿಮೀಟರ್ ಅಗಲದ ಉಕ್ಕಿನ ಪಟ್ಟಿಯ ನಟ್ಟನಡುವೆ ಬೋಲ್ಟಿಗೊಂದು ತೂತು ಬೇಕು. ಕ್ಯಾಡ್ ತಂತ್ರಾಂಶಕ್ಕೆ ಇದನ್ನು ಎರಡು ಬಗೆಯಲ್ಲಿ ಹೇಳಬಹುದು: ‘ಅಂಚಿನಿಂದ 20 ಮಿಲಿಮೀಟರ್’ ಅಥವಾ ‘ಎರಡೂ ಅಂಚಿಗೆ ಸಮದೂರ’. ತೆರೆಯ ಮೇಲೆ ಎರಡಕ್ಕೂ ಒಂದೇ ಚಿತ್ರ. ನಾಳೆ ಪಟ್ಟಿಯ ಅಗಲ 60 ಆಯಿತು ಅನ್ನಿ. ಮೊದಲ ತೂತು 20ರಲ್ಲೇ ಕೂತಿರುತ್ತದೆ, ಎರಡನೆಯದು ತಾನಾಗಿ 30ಕ್ಕೆ ಸರಿಯುತ್ತದೆ. ಎದುರಿನ ಭಾಗದ ತೂತು ನಡುವೆಯೇ ಇದ್ದರೆ, ಮೊದಲ ಪಟ್ಟಿ ಗುಜರಿಗೆ.

ಗ್ರಿಡ್, ಸ್ನ್ಯಾಪ್ ಇವೆಲ್ಲ ಬರೆಯುವ ಕೈಗೆ ಆಸರೆ, ರಂಗೋಲಿಯ ಚುಕ್ಕಿಗಳಿದ್ದಂತೆ. ಎಳೆಯುವಾಗ ದಾರಿ ತೋರುತ್ತವೆ, ಎಳೆದ ಮೇಲೆ ಗೆರೆಯನ್ನು ಹಿಡಿದಿಡುವುದಿಲ್ಲ. ಕನ್‌ಸ್ಟ್ರೇಂಟ್ ಹಾಗಲ್ಲ. ಈ ಎರಡು ಗೆರೆ ಸಮಾನಾಂತರ ಎಂದರೆ, ಮುಂದೆ ಏನೇ ಬದಲಾದರೂ ಸಮಾನಾಂತರ. 1963ರಲ್ಲಿ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ ರೂಪಿಸಿದ ‘ಸ್ಕೆಚ್‌ಪ್ಯಾಡ್’ನಲ್ಲೇ ಇದು ಇತ್ತು: ಬೆಳಕಿನ ಪೆನ್ನಿನಿಂದ ಸೊಟ್ಟಗೆ ಎಳೆದರೂ, ಹೇಗಿರಬೇಕೆಂದು ಹೇಳಿದರೆ ಯಂತ್ರ ತಿದ್ದಿಕೊಡುತ್ತಿತ್ತು. ಇದನ್ನು ಕನ್ನಡದಲ್ಲಿ ‘ನಿರ್ಬಂಧ’ ಎಂದರೆ ಕರ್ಫ್ಯೂ ನೆನಪಾಗುತ್ತದೆ. ‘ಕರಾರು’ ಇನ್ನೂ ಹತ್ತಿರದ ಮಾತು.

ಕರಾರುಗಳ ಲೆಕ್ಕ ಸರಳ. ಬಿಡಿಯಾದ ನಾಲ್ಕು ಗೆರೆಗೆ ಎಂಟು ತುದಿ. ತುದಿಗೆ ಎರಡರಂತೆ 16 ಅಂಕೆ. ತುದಿಗಳನ್ನು ಮೂಲೆಗಳಲ್ಲಿ ಕೂಡಿಸಿದರೆ 8 ಉಳಿಯುತ್ತವೆ. ಎರಡು ಗೆರೆ ಅಡ್ಡ, ಎರಡು ಲಂಬ ಎಂದರೆ 4. ಉದ್ದ, ಅಗಲ ಕೊಟ್ಟರೆ 2. ಒಂದು ಮೂಲೆಯನ್ನು ಮೂಲಬಿಂದುವಿಗೆ ಕಟ್ಟಿದರೆ ಸೊನ್ನೆ. ಫ್ರೀಕ್ಯಾಡ್‌ನಲ್ಲಿ ಆಗ ಆಯತ ಹಸಿರಾಗುತ್ತದೆ. ಆದರೆ ಹಸಿರು ಬಣ್ಣ ಹೇಳುವುದು ಏನೂ ಸಡಿಲ ಉಳಿದಿಲ್ಲ ಎಂದಷ್ಟೇ. ಸರಿಯಾದದ್ದನ್ನೇ ಕಟ್ಟಿದ್ದೇವೆಯೇ ಎಂಬುದು ಅದಕ್ಕೆ ತಿಳಿಯದು.

ಅದು ತಿಳಿಯಬೇಕಾದದ್ದು ಮುಂದೆ ಕಡತ ತೆರೆಯುವವರಿಗೆ. ಕೊಚ್ಚಿಯ ಶಿಪ್‌ಯಾರ್ಡ್‌ನಲ್ಲಿ 262 ಮೀಟರ್ ಉದ್ದದ ಐಎನ್‌ಎಸ್ ವಿಕ್ರಾಂತ್‌ಗೆ ಕೀಲ್ ಇಟ್ಟದ್ದು 2009ರಲ್ಲಿ, ಅದು ನೌಕಾಪಡೆ ಸೇರಿದ್ದು 2022ರಲ್ಲಿ. ಇಷ್ಟು ವರ್ಷ ಹಿಡಿಯುವ ಯಾವುದೇ ಕೆಲಸದಲ್ಲಿ ನಕ್ಷೆ ಬರೆದವರು ಒಬ್ಬರು, ತಿದ್ದುವವರು ಇನ್ನೊಬ್ಬರು ಆಗುವುದು ಸಹಜ. ಬರೆದವರು ನಿವೃತ್ತರಾಗಿ ಊರು ಸೇರಿರಬಹುದು. ಅವರು ಬಿಟ್ಟುಹೋದ ಅಳತೆ ‘ಎಷ್ಟು’ ಎಂದು ಹೇಳುತ್ತದೆ. ‘ಯಾಕೆ’ ಎಂಬುದರ ಸುಳಿವು ಸಿಗುವುದು ಕರಾರಿನಲ್ಲಿ.

ಈ ಬುದ್ಧಿ ಕಂಪ್ಯೂಟರಿನಿಂದಲೇ ಬರಬೇಕೆಂದಿಲ್ಲ. ಕೊಚ್ಚಿಯಿಂದ ದಕ್ಷಿಣಕ್ಕೆ, ತಿರುವನಂತಪುರದಲ್ಲಿ ಲಾರಿ ಬೇಕರ್ ಮನೆಗಳ ನಕ್ಷೆಯನ್ನು ಕೈಯಲ್ಲೇ ಬರೆದರು. ನಿವೇಶನದ ಇಳಿಜಾರು, ಅಲ್ಲಿರುವ ಮರ, ಮನೆಯವರ ಜೇಬು ಅವರಿಗೆ ಮೊದಲ ಕರಾರುಗಳು. ಗೋಡೆ ಬೇಕಾದರೆ ಬಾಗಲಿ. ಅವರು ವಿನ್ಯಾಸ ಮಾಡಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಆವರಣದಲ್ಲಿ ಕಟ್ಟಡಗಳು ಇಳಿಜಾರಿಗೂ ಮರಗಳಿಗೂ ಹೊಂದಿಕೊಂಡೇ ನಿಂತಿವೆ. ಅಲ್ಲಿ ಮೊದಲು ಗೋಡೆಯನ್ನು ನೇರಕ್ಕೆ ಕಟ್ಟಿಹಾಕಿದ್ದರೆ, ಸಡಿಲ ಉಳಿಯುತ್ತಿದ್ದುದು ಮರ. ಕೊಡಲಿಗೆ ಅಷ್ಟು ಸಾಕಿತ್ತು.